ಎಷ್ಟು ಗಂಟೆಗೆ ಶುರುವಾಯ್ತು?

ಮಚ್ಚಿನಿಂದ ತೆಂಗಿನಕಾಯಿ ಒಡೆಯಲು ಹೋಗಿ ಎಡ ಅಂಗೈಯನ್ನೇ ಕೊಯ್ದುಕೊಂಡವನು ನಾನು. ಆರ್.ಟಿ. ನಗರದ ಮನೆಯಿಂದ ಕೈಗೆ ಟವೆಲ್ ಸುತ್ತಿಕೊಂಡು, ಹೆಂಡತಿಯೊಡನೆ ಆಟೊ ಹತ್ತಿ, ಬಳ್ಳಾರಿ ರಸ್ತೆಯ ಒಂದು ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲು ಹೊಕ್ಕೆ. ಟವೆಲ್ ಕೆಂಪಾಗಿತ್ತು. ಅಲ್ಲಿದ್ದವರಲ್ಲೆಲ್ಲ ನನ್ನದೇ ದೊಡ್ಡ ಕೇಸು ಎಂಬ ಗತ್ತಿನಿಂದ ಕೈ ಮುಂದೆ ಚಾಚಿದೆ. ಸಿಸ್ಟರ್ ಟವೆಲ್ ಎತ್ತಿ ನೋಡಿದರು. ಐದೂ ಬೆರಳು ಮಡಚಿಸಿ ಬಿಡಿಸಿದರು. ಬೆರಳ ತುದಿ ಮುಟ್ಟಿ ‘ಗೊತ್ತಾಗುತ್ತಾ?’ ಅಂದರು. ಉಗುರನ್ನು ಒತ್ತಿ ಬಿಳುಚಿಸಿ, ಮತ್ತೆ ಕೆಂಪೇರುವುದನ್ನು ನೋಡಿದರು. ಆಮೇಲೆ ದಪ್ಪಗೆ ಗಾಜ್ ಇಟ್ಟು ಬಿಗಿಯಾಗಿ ಕಟ್ಟಿ, ‘ಕೈ ಮೇಲೆತ್ತಿಕೊಂಡು ಅಲ್ಲಿ ಕೂತ್ಕೊಳ್ಳಿ ಸರ್’ ಅಂದರು. ಇಷ್ಟಕ್ಕೂ ಒಂದು ನಿಮಿಷ ಹಿಡಿಯಲಿಲ್ಲ.

ಕೂತೆ. ಮುಕ್ಕಾಲು ಗಂಟೆ ಕೂತೆ. ಆಗ ಐವತ್ತರ ಆಸುಪಾಸಿನ ಒಬ್ಬರು ತಾವೇ ನಡೆದುಕೊಂಡು ಬಂದರು. ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುತ್ತ, ‘ಏನಿಲ್ಲ ಸಿಸ್ಟರ್, ಗ್ಯಾಸ್ಟ್ರಿಕ್ಕು. ಇವಳು ಕೇಳಲಿಲ್ಲ, ಕರ್ಕೊಂಡು ಬಂದ್ಲು’ ಎಂದು ಹೆಂಡತಿಯತ್ತ ಕೈ ತೋರಿಸಿದರು. ಸಿಸ್ಟರ್ ಕೇಳಿದ್ದು ಒಂದೇ ಮಾತು: ‘ಎಷ್ಟು ಗಂಟೆಗೆ ಶುರುವಾಯ್ತು?’ ಅವರ ಉತ್ತರ ಮುಗಿಯುವ ಮೊದಲೇ ವೀಲ್‌ಚೇರ್ ಬಂದಿತ್ತು. ಪರದೆಯ ಆಚೆಯಿಂದ ಇಸಿಜಿ ಯಂತ್ರದ ಕಾಗದ ಹೊರಬೀಳುವ ಸದ್ದು ಕೇಳಿಸಿತು. ರಕ್ತ ಸುರಿಸಿಕೊಂಡು ಬಂದ ನಾನು ಹೊರಗೆ, ಬೆವರು ಒರೆಸಿಕೊಂಡು ಬಂದವರು ಒಳಗೆ. ಆಗ ನನಗೆ ಸಿಟ್ಟೇ ಬಂದಿತ್ತು ಅನ್ನಿ.

ರೇಷನ್ ಅಂಗಡಿ, ಬ್ಯಾಂಕು, ಹೋಟೆಲಿನ ಟೋಕನ್ ಇವೆಲ್ಲ ನಮಗೆ ಒಂದೇ ನ್ಯಾಯ ಕಲಿಸಿವೆ. ಮೊದಲು ಬಂದವನದು ಮೊದಲು. ಎಮರ್ಜೆನ್ಸಿಯಲ್ಲಿ ಈ ನ್ಯಾಯ ನಡೆಸಿದರೆ ಜನ ಸಾಯುತ್ತಾರೆ. ಈ ತಿಳಿವಳಿಕೆ ವೈದ್ಯಲೋಕಕ್ಕೆ ಬಂದದ್ದು ಯುದ್ಧಭೂಮಿಯಿಂದ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ, ಗಾಯಾಳುಗಳನ್ನು ಕುದುರೆಗಾಡಿಯಲ್ಲಿ ಬೇಗ ಹೊತ್ತು ತರುವ ಏರ್ಪಾಡು ಮಾಡಿದವನು. ಸೇನಾಪತಿಯೋ ಸಿಪಾಯಿಯೋ, ನಮ್ಮವನೋ ಶತ್ರುವೋ ಎಂದು ನೋಡದೆ ಯಾರ ಗಾಯ ಹೆಚ್ಚು ಅಪಾಯದ್ದೋ ಅವನನ್ನು ಮೊದಲು ಮುಟ್ಟಬೇಕು ಎಂದವನೂ ಅವನೇ. ಹೀಗೆ ಆರಿಸುವುದಕ್ಕೆ ಫ್ರೆಂಚರ ಮಾತು ‘ತ್ರಿಯಾಜ್’. ನಮ್ಮ ಆಸ್ಪತ್ರೆಗಳಲ್ಲಿ ಅದು ‘ಟ್ರಯಾಜ್’. ಕಾಳು ಹಸನು ಮಾಡುವಾಗ ನಮ್ಮಜ್ಜಿಯರು ಮೊರದಲ್ಲಿ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಕೆಲಸ.

ಈಗ ನಮ್ಮಲ್ಲಿ ಸಾಮಾನ್ಯವಾಗಿ ಮೂರು ಬಣ್ಣ. ಕೆಂಪು ಎಂದರೆ ಈಗಲೇ. ಹಳದಿ ಎಂದರೆ ಸ್ವಲ್ಪ ತಡೆಯಬಹುದು, ಆದರೆ ಕಣ್ಣಿಟ್ಟಿರಬೇಕು. ಹಸಿರು ಎಂದರೆ ಕಾಯಬಹುದು. ಬಣ್ಣ ನಿರ್ಧರಿಸುವವರು ದೊಡ್ಡ ಡಾಕ್ಟರಲ್ಲ, ಬಾಗಿಲ ಬಳಿಯ ಸಿಸ್ಟರ್. ಅವರ ಕೈಯಲ್ಲಿರುವುದು ಕೆಲವೇ ಅಳತೆಗಳು: ನಾಡಿ, ಬಿಪಿ, ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಕ್ಲಿಪ್ಪು, ಜ್ವರ, ಎಚ್ಚರ, ಉಸಿರು. ಇವುಗಳಲ್ಲಿ ಬಡಪಾಯಿ ಎಂದರೆ ಉಸಿರು, ಏಕೆಂದರೆ ಅದನ್ನು ಎಣಿಸಲು ಯಂತ್ರಕ್ಕಿಂತ ತಾಳ್ಮೆ ಬೇಕು. ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ನಾವು ಉಸಿರಾಡುವ ರೀತಿಯೇ ಬದಲಾಗುತ್ತದೆ. ಹಾಗಾಗಿ ಅನುಭವಸ್ಥ ಸಿಸ್ಟರ್ ನಾಡಿ ಹಿಡಿದಂತೆ ನಟಿಸುತ್ತ ಕಣ್ಣನ್ನು ಎದೆಯ ಮೇಲಿಟ್ಟಿರುತ್ತಾರೆ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿ. 30ರ ಹತ್ತಿರ ಹೋಯಿತೆಂದರೆ, ಮುಖದಲ್ಲಿ ನಗುವಿದ್ದರೂ ಒಳಗೆ ಏನೋ ಕೆಟ್ಟಿದೆ. ಕಿರುಚುವವನಿಗಿಂತ ಸದ್ದಿಲ್ಲದೆ ಗೋಡೆಗೆ ಒರಗಿ ಕೂತವನೇ ಅವರಿಗೆ ಹೆಚ್ಚು ಚಿಂತೆ. ಕಿರುಚಲು ಉಸಿರು ಬೇಕಲ್ಲ!

ಬಣ್ಣಕ್ಕಿಂತ ಮುಖ್ಯವಾದದ್ದು ಗಡಿಯಾರ. ಪ್ರತಿ ಕಾಯಿಲೆಗೂ ತನ್ನದೇ ಗಡಿಯಾರ ಉಂಟು. ನನ್ನ ಕೈಯ ಗಾಯದ್ದು ಗಂಟೆಗಳಲ್ಲಿ ಓಡುತ್ತದೆ, ಆ ‘ಗ್ಯಾಸ್ಟ್ರಿಕ್’ ಯಜಮಾನರದು ನಿಮಿಷಗಳಲ್ಲಿ.

ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ಗಡ್ಡೆ ಕಟ್ಟಿದಾಗ ಆ ಭಾಗದ ಸ್ನಾಯು ಒಮ್ಮೆಗೇ ಸಾಯುವುದಿಲ್ಲ. 1977ರಲ್ಲಿ ರೈಮರ್ ಮತ್ತು ಜೆನ್ನಿಂಗ್ಸ್ ಎಂಬ ವಿಜ್ಞಾನಿಗಳು ತಮ್ಮ ಸಂಗಡಿಗರೊಂದಿಗೆ ನಾಯಿಗಳ ಹೃದಯನಾಳವನ್ನು 40 ನಿಮಿಷ, 3 ಗಂಟೆ, 6 ಗಂಟೆ ಹೀಗೆ ಬೇರೆಬೇರೆ ಹೊತ್ತು ಕಟ್ಟಿ ಬಿಚ್ಚಿ ನೋಡಿದರು. ಸಾವು ಹೃದಯದ ಒಳಪದರದಲ್ಲಿ ಶುರುವಾಗಿ ಅಲೆಯಂತೆ ಹೊರಪದರದ ಕಡೆಗೆ ಹಬ್ಬುತ್ತಿತ್ತು. ಬೇಗ ಬಿಚ್ಚಿದಷ್ಟೂ ಹೊರಗಿನ ಸ್ನಾಯು ಉಳಿಯುತ್ತಿತ್ತು. ಒಲೆಯ ಮೇಲಿನ ಅನ್ನ ತಳದಿಂದ ಸೀಯುತ್ತ ಬರುತ್ತದಲ್ಲ, ಹಾಗೆ. ಮೂಗಿಗೆ ಕಮಟು ಬಡಿದ ಕೂಡಲೇ ಇಳಿಸಿದರೆ ಮುಕ್ಕಾಲು ಪಾತ್ರೆ ಅನ್ನ ಉಣ್ಣಬಹುದು.

ಈ ಕಮಟನ್ನು ನಮ್ಮವರು ಗ್ಯಾಸ್ಟ್ರಿಕ್ ಎನ್ನುತ್ತಾರೆ. ಕನ್ನಡನಾಡಿನಲ್ಲಿ ಈ ಒಂದು ಪದ ತೆಗೆದಷ್ಟು ಜೀವವನ್ನು ಎಷ್ಟೋ ರೋಗಗಳು ತೆಗೆದಿರಲಾರವು ಎಂಬುದು ನನ್ನ ಅನುಮಾನ. ಜೀರಿಗೆ ನೀರು, ಸೋಡಾ, ಈನೋ, ಒಂದು ರೌಂಡ್ ವಾಕಿಂಗ್ ಎನ್ನುವಷ್ಟರಲ್ಲಿ ಎರಡು ಗಂಟೆ ಹೋಗಿರುತ್ತದೆ. ತಪ್ಪು ನಮ್ಮದಷ್ಟೇ ಅಲ್ಲ, ನರಗಳದ್ದೂ ಹೌದು. ಹೃದಯದಿಂದಲೂ ಅನ್ನನಾಳದಿಂದಲೂ ನೋವಿನ ಸುದ್ದಿ ಹೊತ್ತು ತರುವ ನರಗಳು ಬೆನ್ನುಹುರಿಯಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಬಂದು ಸೇರುತ್ತವೆ. ಎರಡು ಮನೆಗೆ ಒಂದೇ ಕಾಲಿಂಗ್ ಬೆಲ್ ಇದ್ದಂತೆ. ಬೆಲ್ ಬಡಿದದ್ದು ತಿಳಿಯುತ್ತದೆ, ಯಾರ ಮನೆಯದೆಂದು ಮಿದುಳಿಗೆ ತಿಳಿಯುವುದಿಲ್ಲ. ಎಷ್ಟೋ ವರ್ಷದಿಂದ ಸಕ್ಕರೆ ಕಾಯಿಲೆ ಇದ್ದವರಲ್ಲಿ ಆ ಬೆಲ್ಲೂ ಕೆಟ್ಟಿರಬಹುದು. ನೋವೇ ಇಲ್ಲದೆ ಬರೀ ಬೆವರು, ಏದುಸಿರು, ಸುಸ್ತು. ಅದಕ್ಕೇ ಎದೆಯ ವಿಷಯ ಎತ್ತಿದವರಿಗೆ ಬಾಗಿಲು ಹೊಕ್ಕ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬ ನಿಯಮ.

ಇಸಿಜಿಯಲ್ಲಿ ನಾಳ ಪೂರ್ತಿ ಮುಚ್ಚಿದ ಗುರುತು ಕಂಡರೆ ದಾರಿ ಎರಡು. ಒಂದು ಬಲೂನು. ಕ್ಯಾಥ್‌ಲ್ಯಾಬಿಗೆ ಒಯ್ದು ಕೈಯ ಅಥವಾ ತೊಡೆಯ ನಾಳದಿಂದ ತಂತಿ ತೂರಿಸಿ ಅಡಚಣೆ ಬಿಡಿಸುವುದು. ಇನ್ನೊಂದು, ಗಡ್ಡೆ ಕರಗಿಸುವ ಇಂಜೆಕ್ಷನ್. ಬಲೂನೇ ಮೇಲು, ಆದರೆ ಸುಮಾರು ಎರಡು ಗಂಟೆಯೊಳಗೆ ಅದು ಆಗುವಂತಿದ್ದರೆ ಮಾತ್ರ. ಆಗದಿದ್ದರೆ ಇಂಜೆಕ್ಷನ್ ಮೊದಲು ಕೊಟ್ಟು ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಜಾಣತನ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದದ್ದು ನೆನಪಿರಬಹುದು. ಎರಡು ವರ್ಷದ ನಂತರ ಅವರ ಹೆಸರಿನಲ್ಲೇ ಬಂದ ‘ಹೃದಯ ಜ್ಯೋತಿ’ ಯೋಜನೆಯ ತಿರುಳು ಇದೇ ಲೆಕ್ಕ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುವುದು, ಅವರು ಹೂಂ ಎಂದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆ ಕೊಡುವುದು. ರೋಗಿ ದೊಡ್ಡಾಸ್ಪತ್ರೆ ಮುಟ್ಟುವ ಮೊದಲೇ ಔಷಧ ರೋಗಿಯನ್ನು ಮುಟ್ಟಿರುತ್ತದೆ.

ಮಿದುಳಿನ ಗಡಿಯಾರ ಇದಕ್ಕಿಂತ ಬಿರುಸು. ನಾವು ಲಕ್ವ ಎನ್ನುವ ಪಾರ್ಶ್ವವಾಯುವಿನಲ್ಲಿ ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶ ಸಾಯುತ್ತವೆ ಎಂದು ಜೆಫ್ರಿ ಸೇವರ್ ಎಂಬ ವೈದ್ಯ 2006ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಬಾಯಿ ಓರೆಯಾಯಿತು, ಕೈ ಬಿದ್ದುಹೋಯಿತು, ಮಾತು ತೊದಲಿತು ಎಂದರೆ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಗಡುವು. ಗಡುವಿನ ಎಣಿಕೆ ಆಸ್ಪತ್ರೆ ತಲುಪಿದಾಗಿನಿಂದ ಅಲ್ಲ, ರೋಗಿ ಕೊನೆಯ ಸಲ ಚೆನ್ನಾಗಿದ್ದ ಹೊತ್ತಿನಿಂದ. ‘ಬೆಳಗ್ಗೆ ಎದ್ದಾಗ ಹೀಗಾಗಿತ್ತು’ ಎಂದರೆ ಗಡಿಯಾರ ರಾತ್ರಿ ಮಲಗಿದಾಗಲೇ ಶುರುವಾಗಿದೆ ಎಂದು ಹಿಡಿಯಬೇಕಾಗುತ್ತದೆ. ‘ಆರು ಗಂಟೆಗೆ ಬಾತ್‌ರೂಮಿಗೆ ಹೋಗಿ ಬಂದ್ರು, ಆಗ ಚೆನ್ನಾಗೇ ಮಾತಾಡಿದ್ರು’ ಎಂದು ಸೊಸೆ ನೆನಪಿಸಿಕೊಂಡರೆ ಎಷ್ಟೋ ತಾಸು ವಾಪಸ್ ಸಿಕ್ಕಂತೆ. ಇಂಜೆಕ್ಷನ್ ಸಿಗುವುದೋ ಇಲ್ಲವೋ ಎಂಬುದು ಆ ಒಂದು ಮಾತಿನ ಮೇಲೆ ನಿಲ್ಲಬಹುದು. ಇನ್ನೊಂದು ಎಚ್ಚರಿಕೆ: ಎದೆನೋವಿನವರಿಗೆ ಫೋನಿನಲ್ಲಿ ಡಾಕ್ಟರು ಆಸ್ಪಿರಿನ್ ಅಗಿಯಲು ಹೇಳಬಹುದು. ಅದನ್ನು ನೆನಪಿಟ್ಟುಕೊಂಡು ಲಕ್ವದವರಿಗೂ ಕೊಡಬೇಡಿ. ಅಲ್ಲಿ ನಾಳ ಮುಚ್ಚಿದೆಯೋ ಒಡೆದಿದೆಯೋ ಎಂದು ಹೇಳುವುದು ಸಿ.ಟಿ.ಯಂಥ ಸ್ಕ್ಯಾನ್ ಮಾತ್ರ. ಒಡೆದಿದ್ದರೆ ರಕ್ತ ತೆಳುವಾಗಿಸುವ ಗುಳಿಗೆ ಉರಿಗೆ ಎಣ್ಣೆ. ನುಂಗಲು ಬಾರದ ಗಂಟಲಿಗೆ ನೀರೂ ಬೇಡ.

ಹಾಗಾದರೆ ‘ಹತ್ತಿರದ ಆಸ್ಪತ್ರೆ’ ಯಾವುದು? ಗೂಗಲ್ ನಕ್ಷೆ ಹೇಳುವ ಹತ್ತಿರ ಬೇರೆ, ಗಡಿಯಾರ ಹೇಳುವ ಹತ್ತಿರ ಬೇರೆ. ಬೀದಿ ಕೊನೆಯ ನರ್ಸಿಂಗ್ ಹೋಮ್‌ನಲ್ಲಿ ಸಿ.ಟಿ. ಇಲ್ಲದಿದ್ದರೆ ಲಕ್ವದವರಿಗೆ ಅದು ಹತ್ತಿರವಲ್ಲ. ಅಲ್ಲಿ ಡ್ರಿಪ್ ಹಾಕಿ ‘ರೆಫರ್’ ಚೀಟಿ ಬರೆಯುವ ಹೊತ್ತಿಗೆ ಇನ್ನೊಂದು ಕಡೆ ಸ್ಕ್ಯಾನ್ ಮುಗಿದಿರುತ್ತಿತ್ತು. ಉಸಿರೇ ಕಟ್ಟಿದವರಿಗೆ, ರಕ್ತ ಚಿಮ್ಮುತ್ತಿರುವವರಿಗೆ ಮಾತ್ರ ಯಾವ ಬಾಗಿಲಾದರೂ ಸರಿ, ಮೊದಲು ಸಿಕ್ಕಿದ್ದು.

ನಮ್ಮ ಉತ್ತರ ಬೆಂಗಳೂರನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಜನರಲ್ ಆಸ್ಪತ್ರೆ ಎಂದರೆ ಮಲ್ಲೇಶ್ವರದ ಕೆ.ಸಿ. ಜನರಲ್, ಅದು ಬಿಟ್ಟರೆ ವಿಕ್ಟೋರಿಯಾ. ಹೆಬ್ಬಾಳ ಇನ್ನೂ ಊರಾಚೆ ಇದ್ದಾಗ, 1973ರಲ್ಲಿ, ಬ್ಯಾಪ್ಟಿಸ್ಟ್ ಆಸ್ಪತ್ರೆ ಅಲ್ಲಿ ಬಂತು. ಆಮೇಲೆ ಮತ್ತಿಕೆರೆ ಕಡೆ ರಾಮಯ್ಯ, 2005ರಲ್ಲಿ ಹೆಬ್ಬಾಳದಲ್ಲಿ ಕೊಲಂಬಿಯಾ ಏಷ್ಯಾ, ಸಹಕಾರನಗರದ ಬಳಿ ಆಸ್ಟರ್, ಯಶವಂತಪುರದಲ್ಲಿ ಸ್ಪರ್ಶ್. ಯಲಹಂಕದವರಿಗೆ ಸರ್ಕಾರಿ ಆಸ್ಪತ್ರೆ ಊರಲ್ಲೇ ಇದೆ. ಜಯದೇವ ಎಂದರೆ ಬನ್ನೇರುಘಟ್ಟ ರಸ್ತೆ, ಮಿದುಳು-ನರಗಳ ನಿಮ್ಹಾನ್ಸ್ ಎಂದರೆ ಹೊಸೂರು ರಸ್ತೆ. ಎರಡಕ್ಕೂ ಇಡೀ ನಗರ ಸೀಳಿಕೊಂಡು ಹೋಗಬೇಕು. ಆದರೆ ಜಯದೇವದ ಒಂದು ಘಟಕ ಕೆ.ಸಿ. ಜನರಲ್ ಆವರಣದಲ್ಲೇ ಇರುವುದು ಈ ಕಡೆಯ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹೆಸರಿನ ಗೊಂದಲವೂ ಇದೆ, ಅದು ಸಣ್ಣದಲ್ಲ. ಕೊಲಂಬಿಯಾ ಏಷ್ಯಾ ಈಗ ಮಣಿಪಾಲ್. ಹಾಗಾಗಿ ಹೆಬ್ಬಾಳದಲ್ಲೊಂದು ಮಣಿಪಾಲ್, ಯಶವಂತಪುರದಲ್ಲೊಂದು, ಹಳೇ ಏರ್‌ಪೋರ್ಟ್ ರಸ್ತೆಯದು ಮೊದಲಿನಿಂದಲೂ ಇದ್ದದ್ದು. ‘ಮಣಿಪಾಲ್‌ಗೆ ಬಾರೋ’ ಎಂದು ಮಗನಿಗೆ ಫೋನ್ ಮಾಡಿದರೆ ಅವನು ಎಲ್ಲಿಗೆ ಹೋಗಬೇಕು? ರಾಮಯ್ಯದ್ದು ಇನ್ನೊಂದು ಬಗೆ. ಮೆಡಿಕಲ್ ಕಾಲೇಜಿನ ಆಸ್ಪತ್ರೆ ಬೇರೆ, ಮೆಮೋರಿಯಲ್ ಬೇರೆ, ಎರಡೂ ಪಕ್ಕಪಕ್ಕ. ಯಾವ ಗೇಟು ಎಮರ್ಜೆನ್ಸಿಯದು ಎಂದು ಒಂದು ಭಾನುವಾರ ಬೆಳಗ್ಗೆ ಸುಮ್ಮನೆ ಹೋಗಿ ನೋಡಿಬಂದರೆ ನಷ್ಟವೇನಿಲ್ಲ. ಮದುವೆಗೆ ಛತ್ರ ನೋಡಲು ಮೂರು ಸಲ ಹೋಗುವವರು ನಾವು.

ದಾರಿಯ ಲೆಕ್ಕವನ್ನೂ ಕಿಲೋಮೀಟರಿನಲ್ಲಿ ಹಾಕುವಂತಿಲ್ಲ. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ಬಂದಾಗ ಇನ್ನು ಜಾಮ್ ಎಂಬುದೇ ಇಲ್ಲ ಅಂದುಕೊಂಡಿದ್ದೆವು. ಸಂಜೆ ಆರಕ್ಕೆ ಎಸ್ಟೀಮ್ ಮಾಲ್ ಮುಂದೆ ನಿಂತವರಿಗೆ ಆಮೇಲಿನ ಕಥೆ ಗೊತ್ತು. ಗೊರಗುಂಟೆಪಾಳ್ಯ, ಮೇಕ್ರಿ ಸರ್ಕಲ್ ಕೂಡ ಅಂಥವೇ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ವಿಮಾನ ಪ್ರದರ್ಶನ ನಡೆಯುವ ದಿನಗಳಲ್ಲಂತೂ ಬಳ್ಳಾರಿ ರಸ್ತೆಯನ್ನು ನಂಬಬೇಡಿ. ಹಗಲಿಗೊಂದು ಆಸ್ಪತ್ರೆ, ರಾತ್ರಿಗೊಂದು ಆಸ್ಪತ್ರೆ ಎಂದು ಯೋಚಿಸಿಟ್ಟುಕೊಳ್ಳುವುದೇ ಸರಿ.

ಆಂಬುಲೆನ್ಸೋ ಕಾರೋ? ಕಾರು ಬೇಗ ಹೊರಡುತ್ತದೆ ನಿಜ. ಆದರೆ ಕಾರಿನಲ್ಲಿ ಆಕ್ಸಿಜನ್ ಇಲ್ಲ, ಹಿಂದಿನ ಸೀಟಿನಲ್ಲಿ ಹೃದಯ ನಿಂತರೆ ಶಾಕ್ ಕೊಡುವ ಯಂತ್ರವಿಲ್ಲ, ಎದೆ ಒತ್ತಲು ಜಾಗವೂ ಇಲ್ಲ. ರಾಜ್ಯದಲ್ಲಿ 108ರ ‘ಆರೋಗ್ಯ ಕವಚ’ ಶುರುವಾದದ್ದು 2008ರ ನವೆಂಬರ್ 1ರಂದು. ಗಲ್ಲಿಗಳಲ್ಲಿ ದೊಡ್ಡ ಗಾಡಿ ತೂರುವುದಿಲ್ಲವೆಂದು 2015ರಲ್ಲಿ ಬೈಕ್ ಆಂಬುಲೆನ್ಸ್‌ಗಳೂ ಇಳಿದವು. 108 ಒತ್ತಿದ ಮೇಲೆ ಇನ್ನೊಂದು ಫೋನು ಆಸ್ಪತ್ರೆಯ ಎಮರ್ಜೆನ್ಸಿಗೆ: ‘ಎದೆನೋವು, ಇಷ್ಟು ಹೊತ್ತಿನಿಂದ, ಕ್ಯಾಥ್‌ಲ್ಯಾಬ್ ಇದೆಯಾ, ಬೆಡ್ ಇದೆಯಾ?’ ಇಲ್ಲ ಎನ್ನುವುದನ್ನು ಫೋನಿನಲ್ಲಿ ಕೇಳುವುದಕ್ಕೂ ಗೇಟಿನಲ್ಲಿ ಕೇಳುವುದಕ್ಕೂ ಅರ್ಧ ಗಂಟೆಯ ವ್ಯತ್ಯಾಸ.

ಬೆಡ್ ಯಾಕೆ ಇರುವುದಿಲ್ಲ ಎಂಬುದಕ್ಕೂ ಒಂದು ಗಣಿತ ಉಂಟು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಫೋನ್ ಕರೆಗಳ ಬಗ್ಗೆ ಶುರು ಮಾಡಿದ ಶಾಸ್ತ್ರ ಅದು. ಒಬ್ಬರೇ ಡಾಕ್ಟರು, ಒಬ್ಬ ರೋಗಿಗೆ ಸರಾಸರಿ ಹತ್ತು ನಿಮಿಷ, ಜನ ಹೊತ್ತು ಗೊತ್ತಿಲ್ಲದೆ ಬರುತ್ತಾರೆ ಎಂದಿಟ್ಟುಕೊಳ್ಳಿ. ಡಾಕ್ಟರ ಸಮಯದ ನೂರಕ್ಕೆ 80 ಪಾಲು ಕೆಲಸ ತುಂಬಿದ್ದರೆ ಸರಾಸರಿ ಕಾಯುವಿಕೆ 40 ನಿಮಿಷ. 90 ತುಂಬಿದರೆ 90 ನಿಮಿಷ. 95 ತುಂಬಿದರೆ 190 ನಿಮಿಷ! ಕೆಲಸ ಹೆಚ್ಚಿದ್ದು ಚೂರೇ, ಸಾಲು ಬೆಳೆದದ್ದು ಹನುಮಂತನ ಬಾಲದಂತೆ. ಮಳೆಗಾಲದ ಡೆಂಗಿ ದಿನಗಳಲ್ಲಿ ಆಗುವುದು ಇದೇ. ಅದೂ ಅಲ್ಲದೆ, ಎಮರ್ಜೆನ್ಸಿಯ ಸಾಲಿಗೆ ಕಾರಣ ಎಷ್ಟೋ ಸಲ ಎಮರ್ಜೆನ್ಸಿಯಲ್ಲೇ ಇರುವುದಿಲ್ಲ. ಮೇಲಿನ ವಾರ್ಡಿನಲ್ಲಿ ಬಿಲ್ ಸೆಟಲ್ ಆಗದೆ ಡಿಸ್ಚಾರ್ಜ್ ತಡವಾದರೆ, ಕೆಳಗೆ ಸ್ಟ್ರೆಚರ್ ಮೇಲಿದ್ದವರು ಮೇಲೆ ಹೋಗುವಂತಿಲ್ಲ, ಆಂಬುಲೆನ್ಸಿನಲ್ಲಿ ಬಂದವರಿಗೆ ಸ್ಟ್ರೆಚರ್ ಇಲ್ಲ. ಬಸ್ಸಿನ ಮುಂದಿನ ಬಾಗಿಲು ತೆರೆಯದಿದ್ದರೆ ಹಿಂದಿನ ಬಾಗಿಲಲ್ಲಿ ಜನ ಜೋತಾಡುತ್ತಾರೆ.

ಎಲ್ಲ ಗಡಿಯಾರಗಳೂ ಬಿರುಸಾಗಿಯೇ ಇರಬೇಕೆಂದಿಲ್ಲ. ನಾಯಿ ಕಚ್ಚಿದಾಗ ರೇಬಿಸ್ ವೈರಸ್ಸು ನರದ ಗುಂಟ ತೆವಳುತ್ತ ಮಿದುಳು ಸೇರಲು ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಬೇಕು. ಸೇರಿದ ಮೇಲೆ ಔಷಧವಿಲ್ಲ ಅಷ್ಟೇ. ಇಲ್ಲಿ ಮೊದಲ ಎಮರ್ಜೆನ್ಸಿ ವಿಭಾಗ ನಿಮ್ಮ ಬಚ್ಚಲಮನೆ: ಹರಿಯುವ ನೀರು, ಸೋಪು, ಪೂರಾ 15 ನಿಮಿಷ. ಆಮೇಲೆ ಅವತ್ತೇ ಲಸಿಕೆ, ಆಳದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ. ಇನ್ನು ಯಲಹಂಕದಾಚೆಯ ಹೊಸ ಲೇಔಟುಗಳಲ್ಲಿ ಹಾವು ಹೊಸ ಸುದ್ದಿಯಲ್ಲ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅದಕ್ಕೊಂದು ಬಡವರ ಪರೀಕ್ಷೆ ಇದೆ, ನನಗೆ ಬಹಳ ಇಷ್ಟ. ಒಣಗಿದ ಗಾಜಿನ ಟ್ಯೂಬಿಗೆ ಎರಡು ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಬಾಗಿಸಿ ನೋಡುವುದು. ಹೆಪ್ಪಾಗದೆ ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟುವ ಅಂಶವನ್ನೆಲ್ಲ ತಿಂದುಹಾಕಿದೆ ಎಂದರ್ಥ, ಪ್ರತಿವಿಷ ಬೇಕೇಬೇಕು. ಆ ಇಪ್ಪತ್ತು ನಿಮಿಷ ‘ಏನೂ ಮಾಡ್ತಿಲ್ಲ’ ಎಂದು ಕೂಗಾಡುವ ನೆಂಟರಿಗೆ ಟ್ಯೂಬೇ ಗಡಿಯಾರ ಎಂದು ಹೇಳುವವರು ಬೇಕು.

ಅಪಘಾತವಾದರೆ ಇನ್ನೊಂದು ಭಯ: ‘ಎಂಎಲ್‌ಸಿ ಆಗುತ್ತೆ, ಪೊಲೀಸು, ಕೋರ್ಟು’. 2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ, ಯಶವಂತಪುರದಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ಹರೀಶ್ ಎಂಬ ಯುವಕ ಲಾರಿಗೆ ಸಿಕ್ಕು ದೇಹ ಎರಡಾಗಿ ಬಿದ್ದಾಗಲೂ ತನ್ನ ಕಣ್ಣು ದಾನ ಮಾಡಿ ಎಂದು ಕೇಳಿಕೊಂಡದ್ದನ್ನು ಈ ನಾಡು ಮರೆತಿಲ್ಲ. ಮರುತಿಂಗಳೇ ಬಂದ ‘ಸಾಂತ್ವನ ಹರೀಶ್’ ಯೋಜನೆ, ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಸರ್ಕಾರ ಭರಿಸಬೇಕೆಂದಿತು. ಪೊಲೀಸು ಬರಲಿ, ಎಫ್‌ಐಆರ್ ಆಗಲಿ ಎಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲೇ ಹೇಳಿದೆ. ಎಂಎಲ್‌ಸಿ ಎಂದರೆ ಆಸ್ಪತ್ರೆ ತನ್ನ ಪುಸ್ತಕದಲ್ಲಿ ಬರೆದು ಠಾಣೆಗೆ ತಿಳಿಸುವುದು, ಅಷ್ಟೇ. ಜೀವ ಉಳಿಸುವ ಮೊದಲ ಚಿಕಿತ್ಸೆಗೆ ಅಡ್ವಾನ್ಸ್ ಕಟ್ಟಿ ಎಂದು ಪಟ್ಟುಹಿಡಿಯುವಂತಿಲ್ಲ ಎಂದು ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆಯೂ ಹೇಳುತ್ತದೆ. ಗಾಯಾಳುವನ್ನು ತಂದವರು ಹೆಸರು ಹೇಳಲೇಬೇಕೆಂದಿಲ್ಲ. ಈ ಮಾತು 2019ರಿಂದ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಅದೇ ಕಾಯ್ದೆ ‘ಗೋಲ್ಡನ್ ಅವರ್’ ಎಂದರೆ ಮೊದಲ ಒಂದು ಗಂಟೆ ಎನ್ನುತ್ತದೆ. ಅರವತ್ತನೆಯ ನಿಮಿಷದಲ್ಲಿ ಬಾಗಿಲು ಮುಚ್ಚುತ್ತದೆಂದಲ್ಲ. ರಕ್ತ ಹರಿಯುವವನಿಗೆ ಅಷ್ಟೂ ಸಮಯ ಇರದು, ಕಾಲು ಮುರಿದವನಿಗೆ ಇನ್ನೂ ಹೆಚ್ಚು ಇದೆ.

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಈಗ ಒಂದು ಚೀಟಿ ಅಂಟಿಸಿದೆ. ಅಮ್ಮನ ಮಾತ್ರೆಗಳ ಹೆಸರು, ಅದರಲ್ಲಿ ರಕ್ತ ತೆಳುವಾಗಿಸುವುದು ಯಾವುದು ಎಂದು ಕೆಂಪು ಗೆರೆ, ಅಲರ್ಜಿ, ಹಳೇ ಆಪರೇಷನ್ನು, ಇನ್ಶೂರೆನ್ಸ್ ನಂಬರು, ಹಗಲಿನ ಆಸ್ಪತ್ರೆ, ರಾತ್ರಿಯ ಆಸ್ಪತ್ರೆ. ಪಕ್ಕದಲ್ಲಿ ಒಂದು ಕವರಿನಲ್ಲಿ ಹಳೆಯ ಇಸಿಜಿ. ಹಳೆಯದಿದ್ದರೆ ತಾನೇ ಹೊಸದರಲ್ಲಿ ಏನು ಬದಲಾಗಿದೆ ಎಂದು ಡಾಕ್ಟರಿಗೆ ಕಾಣುವುದು? ‘ಬಿಳೀ ಮಾತ್ರೆ, ಸಣ್ಣದು, ಬೆಳಗ್ಗೆ ಒಂದು’ ಎಂದು ಹೇಳಿ ಡ್ಯೂಟಿ ಡಾಕ್ಟರ ಮುಖ ನೋಡಿದವನು ನಾನು.

ಅವತ್ತು ರಾತ್ರಿ ಹತ್ತೂವರೆಗೆ ನನ್ನ ಸರದಿ ಬಂತು. ಆ ಯಜಮಾನರನ್ನು ಅಷ್ಟರಲ್ಲಿ ಕ್ಯಾಥ್‌ಲ್ಯಾಬಿಗೆ ಒಯ್ದಿದ್ದರು. ಅವರ ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತು ಅವರ ಚಪ್ಪಲಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಡ್ಯೂಟಿ ಡಾಕ್ಟರ್, ನನ್ನ ಮಗಳ ವಯಸ್ಸಿನ ಹುಡುಗಿ, ಗಾಯ ತೊಳೆಯುತ್ತ ಟಿಟಿ ಇಂಜೆಕ್ಷನ್ ತಗೊಂಡು ಎಷ್ಟು ವರ್ಷವಾಯಿತೆಂದು ಕೇಳಿದಳು. ಗೊತ್ತಿರಲಿಲ್ಲ.

‘ಹೋಗ್ಲಿ ಅಂಕಲ್, ಕೊಯ್ಕೊಂಡಿದ್ದು ಎಷ್ಟು ಗಂಟೆಗೆ?’

ನಾನು ಏಳೂವರೆ ಇರಬೇಕು, ಒಂಬತ್ತಿರಬಹುದು ಎಂದು ತಡವರಿಸಿದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅಂದಳು: ‘ಕುಕ್ಕರ್ ಎರಡನೇ ಸೀಟಿ ಕೂಗ್ತಿತ್ತಮ್ಮ. ಎಂಟೂಕಾಲು.’